ಸಹಾಯಕ ದಾದಿಯ ನಿತ್ಯಕರ್ತವ್ಯಗಳು: ಒಂದು ವಿವೇಚನೆ

ರೋಗಿಗಳ ಶುಶ್ರೂಷೆಯನ್ನು ಕುರಿತು ವಿಚಾರಮಾಡುವಾಗ ವೈದ್ಯರ ಹಾಗೂ ಪೂರ್ಣ ಶಿಕ್ಷಣ ಪಡೆದ ದಾದಿಯರ ಕಾರ್ಯವೇ ಸಾಮಾನ್ಯವಾಗಿ ನಮ್ಮ ಗಮನಕ್ಕೆ ಬರುತ್ತದೆ. ಪದವಿಯಲ್ಲಿ ಇವರಿಗಿಂತ ಕೆಳಗೆ, ಆದರೆ ರೋಗಿಗೆ ಇವರಿಗಿಂತ ಹತ್ತಿರದಲ್ಲಿ ದುಡಿಯುವ ಇನ್ನೊಂದು ವರ್ಗವುಂಟು. ಆ ವರ್ಗದ ನಿತ್ಯಕರ್ತವ್ಯಗಳೇನು, ನಮ್ಮ ನಾಡಿನಲ್ಲಿ ಅವುಗಳ ಫಲ ಯಾರಿಗೆ ದೊರೆಯುತ್ತಿದೆ, ಯಾರಿಗೆ ದೊರೆಯುತ್ತಿಲ್ಲ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಮೊದಲು ಹೆಸರುಗಳ ತೊಡಕನ್ನು ಬಿಡಿಸಿಕೊಳ್ಳಬೇಕು. ನಮ್ಮಲ್ಲಿ 'ನರ್ಸಿಂಗ್ ಹೋಮ್' ಎಂದರೆ ಖಾಸಗಿಯವರ ಸಣ್ಣ ಆಸ್ಪತ್ರೆ; ಅಮೆರಿಕದಲ್ಲಿ ಅದು ತಮ್ಮನ್ನು ತಾವು ನೋಡಿಕೊಳ್ಳಲಾರದ ವೃದ್ಧರೂ ದೀರ್ಘರೋಗಿಗಳೂ ವಾಸಿಸುವ ಶುಶ್ರೂಷಾಲಯ. ಅಲ್ಲಿನ 'ಲೈಸೆನ್ಸ್‌ಡ್ ಪ್ರಾಕ್ಟಿಕಲ್ ನರ್ಸ್' ಸುಮಾರು ಒಂದು ವರ್ಷದ ಶಿಕ್ಷಣ ಪಡೆದು, ಪರೀಕ್ಷೆಯಲ್ಲಿ ಉತ್ತೀರ್ಣಳಾಗಿ, ರಾಜ್ಯದ ಪರವಾನಗಿ ಹೊಂದಿ, ನೋಂದಾಯಿತ ದಾದಿಯ ಅಥವಾ ವೈದ್ಯರ ನಿರ್ದೇಶನದಲ್ಲಿ ಕೆಲಸಮಾಡುತ್ತಾಳೆ.

ಪಾಳಿಯ ಆರಂಭದಲ್ಲಿ ಪ್ರತಿಯೊಬ್ಬ ನಿವಾಸಿಯ ವರದಿಯನ್ನು ಕೇಳಿಕೊಳ್ಳುವುದು, ನಾಡಿ, ಉಸಿರಾಟ, ಉಷ್ಣತೆ, ರಕ್ತದೊತ್ತಡಗಳನ್ನು ಅಳೆಯುವುದು, ಹೊತ್ತುಹೊತ್ತಿಗೆ ಔಷಧ ಕೊಡುವುದು, ಗಾಯಗಳಿಗೆ ಪಟ್ಟಿ ಕಟ್ಟುವುದು ಇವು ಆಕೆಯ ಕೆಲಸಗಳು. ಹಾಸಿಗೆ ಹಿಡಿದವರು ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಮೂಳೆ ಒತ್ತುವ ಜಾಗಗಳಲ್ಲಿ ರಕ್ತಸಂಚಾರ ಕುಗ್ಗಿ ಹುಣ್ಣಾಗುತ್ತದೆ. ಆದುದರಿಂದ ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸುವಂತೆ ನೋಡಿಕೊಳ್ಳುವುದೂ ಆಕೆಯ ಹೊಣೆಯೇ. ಆದರೆ ಇವೆಲ್ಲಕ್ಕಿಂತ ಮುಖ್ಯವಾದುದು ವ್ಯತ್ಯಾಸವನ್ನು ಗುರುತಿಸುವ ಕಾರ್ಯ. ವೃದ್ಧರಲ್ಲಿ ಸೋಂಕು ತಗುಲಿದಾಗ ಜ್ವರ ಕಾಣಿಸಿಕೊಳ್ಳದೆಯೂ ಇರಬಹುದು. ನಿನ್ನೆ ಸರಿಯಾಗಿ ಮಾತನಾಡಿದವರು ಇಂದು ತಬ್ಬಿಬ್ಬಾಗುವುದು, ಊಟ ಬೇಡವೆನ್ನುವುದು ಇಷ್ಟೇ ಅದರ ಸೂಚನೆಯಾಗಬಹುದು. ನಿನ್ನೆಯ ಸ್ಥಿತಿಯನ್ನು ಬಲ್ಲವರಿಗೆ ಮಾತ್ರ ಈ ವ್ಯತ್ಯಾಸ ತಿಳಿಯುತ್ತದೆ. ರೋಗನಿರ್ಣಯ ಆಕೆಯ ಅಧಿಕಾರಕ್ಕೆ ಸೇರಿದುದಲ್ಲ. ಕಂಡುದನ್ನು ಬರೆದಿಟ್ಟು, ತಡಮಾಡದೆ ಮೇಲಿನವರಿಗೆ ತಿಳಿಸುವುದು ಆಕೆಯ ಧರ್ಮ.

ನಮ್ಮ ದೇಶದಲ್ಲಿ ಈ ದರ್ಜೆಗೆ ಸಮೀಪವಾದವಳು 'ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್', ಎಂದರೆ ಸಹಾಯಕ ದಾದಿ. ಈಕೆಯ ಎರಡು ವರ್ಷಗಳ ಶಿಕ್ಷಣವು 1951ರಲ್ಲಿ ಪಂಜಾಬಿನ ತರನ್ ತಾರನ್‌ನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಆರಂಭವಾಯಿತು. 1973ರ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನ ತರುವಾಯ ಆಕೆ ವಿವಿಧೋದ್ದೇಶ ಕಾರ್ಯಕರ್ತೆಯಾದಳು. ಬಯಲುಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರವಿರಬೇಕೆಂಬುದು ಸರಕಾರದ ನಿಯಮ. ಕಡತಗಳಲ್ಲಿ ಪದನಾಮ ಏನೇ ಇರಲಿ, ಹಳ್ಳಿಯವರಿಗೆ ಆಕೆ 'ನರ್ಸಮ್ಮ'.

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಜವಳಗೇರಾ ಸೀಮೆಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ತುಂಗಭದ್ರಾ ಎಡದಂಡೆ ಕಾಲುವೆ ಬಂದಮೇಲೆ ಇಲ್ಲಿನ ಎರೆಭೂಮಿ ಭತ್ತದ ಸೀಮೆಯಾಯಿತು. ಆಂಧ್ರದಿಂದ ಬಂದ ರೈತರ 'ಕ್ಯಾಂಪು'ಗಳು ತಾಲ್ಲೂಕಿನಲ್ಲಿ ಅಲ್ಲಲ್ಲಿ ನೆಲೆಗೊಂಡವು. ನಾಟಿಯ ಕಾಲದಲ್ಲಿ ಕೂಲಿಯ ಹೆಂಗಸರು ಬೆಳಗಾಗುತ್ತಲೇ ಗದ್ದೆಗಿಳಿಯುತ್ತಾರೆ. ಅವರ ಹೊತ್ತನ್ನು ಅರಿತು ಮನೆಗೆ ಹೋದರೆ ಮಾತ್ರ ನರ್ಸಮ್ಮನಿಗೆ ಗರ್ಭಿಣಿಯರು ಸಿಕ್ಕುತ್ತಾರೆ. ಹನ್ನೆರಡು ವಾರಗಳೊಳಗೆ ಗರ್ಭಿಣಿಯ ಹೆಸರು ದಾಖಲಾಗಿ 'ತಾಯಿ ಕಾರ್ಡು' ದೊರೆಯಬೇಕು. ಕಡಮೆಯೆಂದರೆ ನಾಲ್ಕು ಬಾರಿ ತಪಾಸಣೆಯಾಗಬೇಕು. ತೂಕ, ರಕ್ತದೊತ್ತಡ, ರಕ್ತದಲ್ಲಿನ ಹಿಮೋಗ್ಲೋಬಿನ್ ಅಳೆಯಬೇಕು. ಕಬ್ಬಿಣಾಂಶದ ಗುಳಿಗೆ ಕೊಡಬೇಕು. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಒಯ್ಯಬೇಕು. ದಡಾರ-ರುಬೆಲ್ಲಾ ಲಸಿಕೆಯನ್ನು ಕಲಸಿದ ನಾಲ್ಕು ಗಂಟೆಗಳೊಳಗೆ ಬಳಸಬೇಕು, ಉಳಿದುದನ್ನು ಚೆಲ್ಲಬೇಕು. ಇವೆಲ್ಲವೂ ವಹಿಯಲ್ಲಿ ದಾಖಲಾಗಬೇಕು. ಇಲ್ಲಿಯೂ ಕರ್ತವ್ಯದ ತಿರುಳು ಒಂದೇ: ಹಿಂದಿನ ಭೇಟಿಯ ಅಂಕಿಯನ್ನು ಇಂದಿನದರೊಡನೆ ಹೋಲಿಸಿ, ಏರಿದ ರಕ್ತದೊತ್ತಡವನ್ನು ವೇಳೆಗೆ ಮುಂಚೆ ಗುರುತಿಸುವುದು.

ಹೀಗೆ ಅಲ್ಲಿ ಪ್ರಧಾನವಾಗಿ ವೃದ್ಧರಿಗೆ ಮೀಸಲಾದ ಕಣ್ಣು ನಮ್ಮಲ್ಲಿ ತಾಯಿ-ಮಗುವಿಗೆ ಮೀಸಲಾಗಿದೆ. ಆ ಕಾಲದಲ್ಲಿ ಅದು ಯುಕ್ತವೇ ಆಗಿತ್ತು. ತಾಯಂದಿರ ಹಾಗೂ ಶಿಶುಗಳ ಮರಣವನ್ನು ತಡೆಯುವುದು ಮೊದಲ ಅಗತ್ಯವಾಗಿತ್ತು. ವೃದ್ಧರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾದುದು 2010-11ರಲ್ಲಿ. ಈಗ ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆಕಾಯಿಲೆಗಳ ತಪಾಸಣೆಯೂ ಉಪಕೇಂದ್ರದ ಕೆಲಸಗಳಲ್ಲಿ ಸೇರಿದೆ. ಆದರೆ ಹಾಸಿಗೆ ಹಿಡಿದ ಮುದುಕನ ಮಗ್ಗುಲು ಬದಲಿಸುವ ಕೆಲಸ ಇಂದಿಗೂ ಸೊಸೆಯದೋ ಮಗಳದೋ ಹೆಂಡತಿಯದೋ ಆಗಿದೆ. ಕೂಲಿಗೆ ಹೋದರೆ ಮುದುಕ ಒಂಟಿಯಾಗುತ್ತಾನೆ. ಮನೆಯಲ್ಲುಳಿದರೆ ಅಂದಿನ ಕೂಲಿ ಹೋಗುತ್ತದೆ. ಶುಶ್ರೂಷಾಲಯದಲ್ಲಿ ಶಿಕ್ಷಣವೂ ವೇತನವೂ ಇರುವ ಕಾರ್ಯವನ್ನು ಈಕೆ ಎರಡೂ ಇಲ್ಲದೆ ಮಾಡುತ್ತಾಳೆ.

ಐದು ಸಾವಿರ ಜನರ ಹೊಣೆ ಹೊತ್ತ ದಾದಿಯು ಪ್ರತಿಯೊಂದು ಹಾಸಿಗೆಯ ಬಳಿ ದಿನವೂ ಕುಳಿತಿರಲಾರಳು. ಆದರೆ ಮಗ್ಗುಲು ಬದಲಿಸುವ ಕ್ರಮ, ಕೂರಿಸಿ ಉಣಿಸುವ ಕ್ರಮ, ಯಾವ ವ್ಯತ್ಯಾಸ ಕಂಡರೆ ಹೇಳಿಕಳುಹಿಸಬೇಕೆಂಬ ತಿಳಿವು, ಈ ಮೂರನ್ನು ಆಕೆ ಮನೆಯವರಿಗೆ ಕಲಿಸಬಲ್ಲಳು. ಅದಕ್ಕೆ ಆಕೆಯ ದಿನಚರಿಯಲ್ಲಿ ವೇಳೆ ಒದಗಬೇಕು. ಈ ಕಾರ್ಯಕ್ಕೆ ಮನೆಯ ಹೆಂಗಸರು ದಿನಕ್ಕೆ ಎಷ್ಟು ಗಂಟೆ ವ್ಯಯಿಸುತ್ತಾರೆ, ಎಷ್ಟು ದಿನದ ಕೂಲಿ ಕಳೆದುಕೊಳ್ಳುತ್ತಾರೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಎಣಿಸಿ ನೋಡುವುದು ಉಪಯುಕ್ತವೆಂದು ನಾವು ಭಾವಿಸುತ್ತೇವೆ. ಆ ಲೆಕ್ಕ ಕೈಸೇರಿದರೆ, ಸಹಾಯಕ ದಾದಿಯ ಕರ್ತವ್ಯಪಟ್ಟಿಯಲ್ಲಿ ವೃದ್ಧರಿಗೆ ಎಷ್ಟು ಸ್ಥಾನ ಸಲ್ಲಬೇಕೆಂಬ ಚರ್ಚೆಗೆ ಆಧಾರ ದೊರೆತೀತು.