ಲಿವರಿನಲ್ಲಿ ಕೊಬ್ಬು, ಹೃದಯಕ್ಕೆ ಬಿಗುವು

ಕಿಡ್ನಿಯ ಹರಳಿರಬಹುದೆಂದು ತಾವರಗೇರಾದಿಂದ ಕುಷ್ಟಗಿಗೋ ಕೊಪ್ಪಳಕ್ಕೋ ಸ್ಕ್ಯಾನಿಂಗಿಗೆ ಹೋದವರ ವರದಿಯ ತುದಿಯಲ್ಲಿ 'ಫ್ಯಾಟಿ ಲಿವರ್, ಗ್ರೇಡ್ 1' ಎಂಬ ಸಾಲಿದ್ದರೆ ಅದನ್ನು ಓದುವವರೇ ಕಡಿಮೆ. ಹರಳಿಲ್ಲವಲ್ಲ, ಅಷ್ಟು ಸಾಕು. ನೋವಿಲ್ಲ, ಜ್ವರವಿಲ್ಲ, ಕುಡಿಯುವ ಚಟವಂತೂ ಇಲ್ಲವೇ ಇಲ್ಲ. ವರದಿ ಮಡಚಿಕೊಂಡು ಟ್ರಂಕು ಸೇರುತ್ತದೆ. ಆ ಸಾಲು ಹೃದಯದ ಸುದ್ದಿಯನ್ನೂ ಹೇಳುತ್ತಿರಬಹುದೆಂದು ಯಾರಿಗೆ ಹೊಳೆದೀತು?

ಬಲ ಪಕ್ಕೆಲುಬುಗಳ ಮರೆಯಲ್ಲಿರುವ ಪಿತ್ತಜನಕಾಂಗದ ತೂಕ ಸುಮಾರು ಒಂದೂವರೆ ಕಿಲೋ. ಅದರಲ್ಲಿ ಕೊಬ್ಬು ಶೇಕಡಾ 5ನ್ನು ಮೀರಿದರೆ ಅದೇ ಫ್ಯಾಟಿ ಲಿವರ್. ಎಣ್ಣೆ ತಿಂದವರಿಗೆ ಮಾತ್ರ ಇದು ಬರುತ್ತದೆಂಬುದು ತಪ್ಪು. ಫ್ರಾನ್ಸಿನಲ್ಲಿ ಬಾತುಕೋಳಿಗಳ ಗಂಟಲಿಗೆ ಮೆಕ್ಕೆಜೋಳ ತುರುಕಿ, ಕೊಬ್ಬಿ ಊದಿದ ಅವುಗಳ ಲಿವರನ್ನು ದುಬಾರಿ ತಿನಿಸಾಗಿ ಮಾರುತ್ತಾರೆ. ಕಾಳಿನ ಪಿಷ್ಟವೇ ಅಲ್ಲಿ ಕೊಬ್ಬಾಗುತ್ತದೆ! ಮನುಷ್ಯನಲ್ಲೂ ಖರ್ಚಾಗದ ಅನ್ನ, ಸಕ್ಕರೆಯ ಗತಿ ಇದೇ. ಕುಷ್ಟಗಿ ಸೀಮೆಯ ಜೋಳದ ರೊಟ್ಟಿಯ ಪಕ್ಕಕ್ಕೆ ಗಂಗಾವತಿಯ ಅಕ್ಕಿ ಬಂದು ಕೂತಿತು, ನಡೆದು ಹೋಗುತ್ತಿದ್ದ ಹೊಲಕ್ಕೆ ಬೈಕು ಬಂತು. ಸಂಜೆಯ ಒಗ್ಗರಣಿ-ಮಿರ್ಚಿ ಮಾತ್ರ ಬದಲಾಗಲಿಲ್ಲ.

ಕುಡಿಯದವರಲ್ಲೂ ಕುಡುಕರಂಥದೇ ಲಿವರ್ ಇರುವುದನ್ನು 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯ ಲುಡ್ವಿಗ್ ಮತ್ತು ಸಂಗಡಿಗರು ವಿವರಿಸಿ, ಆ ರೋಗಕ್ಕೊಂದು ಹೆಸರಿಟ್ಟರು. ಭಾರತ ಸರಕಾರ ಇದನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದ್ದು 2021ರಲ್ಲಿ.

ಇನ್ನು ಹೃದಯ. ನಿಮಿಷಕ್ಕೆ 72 ಬಡಿತವೆಂದರೆ ಒಂದು ಬಡಿತಕ್ಕೆ ಸುಮಾರು 0.8 ಸೆಕೆಂಡು. ಅದರಲ್ಲಿ ಹೃತ್ಕುಕ್ಷಿ ಹಿಂಡುವುದು 0.3 ಸೆಕೆಂಡು, ಉಳಿದ 0.5 ಸೆಕೆಂಡು ಸಡಿಲಗೊಂಡು ರಕ್ತ ತುಂಬಿಕೊಳ್ಳುತ್ತದೆ. ಎಡ ಹೃತ್ಕುಕ್ಷಿಯ ಸ್ನಾಯುವಿಗೆ ತನ್ನ ಪಾಲಿನ ರಕ್ತ ಬಹುಮಟ್ಟಿಗೆ ಸಿಗುವುದೂ ಈ ಸಡಿಲಿಕೆಯಲ್ಲೇ. ಫ್ಯಾಟಿ ಲಿವರ್ ಇರುವ ಹಲವರ ಇಕೋ ಪರೀಕ್ಷೆಯಲ್ಲಿ ಮೊದಲು ಕೆಡುವುದು ಇದೇ. ಹಿಂಡುವ ಬಲ ಸರಿಯಾಗಿಯೇ ಇರುತ್ತದೆ. ಸಡಿಲಾಗಲು ಮಾತ್ರ ಹೃದಯ ತಡಮಾಡುತ್ತದೆ, ಹೊಸ ಬಲೂನಿನ ಬಿಗಿ ರಬ್ಬರಿನಂತೆ. ರೋಗಿಗೆ ಆಗ ಏನೂ ಅನಿಸುವುದಿಲ್ಲ. ಮೆಟ್ಟಿಲೇರುವಾಗಿನ ಏದುಸಿರು ವರ್ಷಗಳ ಮೇಲೆ ಬರುವಂಥದ್ದು.

ಕೊಬ್ಬಿದ ಲಿವರ್ ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ರಕ್ತಕ್ಕೆ ಸಕ್ಕರೆ, ಕೊಬ್ಬು ಎರಡನ್ನೂ ಹೆಚ್ಚಾಗಿ ಬಿಡುತ್ತದೆ. ಜೊತೆಗೆ ಉರಿಯೂತದ ರಾಸಾಯನಿಕಗಳನ್ನೂ. ರಕ್ತನಾಳ, ಹೃದಯದ ಸ್ನಾಯು ಬಿರುಸಾಗುತ್ತವೆ. ಲಿವರೇ ಇದಕ್ಕೆ ಕಾರಣವೋ, ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಎರಡನ್ನೂ ಒಟ್ಟಿಗೇ ಕೆಡಿಸುತ್ತವೆಯೋ ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಫ್ಯಾಟಿ ಲಿವರ್ ಇದ್ದವರು ಲಿವರಿನ ರೋಗಕ್ಕಿಂತ ಹೃದ್ರೋಗದಿಂದಲೇ ಹೆಚ್ಚಾಗಿ ಸಾಯುತ್ತಾರೆ ಎಂಬುದರಲ್ಲಿ ವಾದವಿಲ್ಲ.

ಪತ್ತೆಗೆ ದರ್ಜಿಯ ಟೇಪೂ ಒಂದಿಷ್ಟು ನೆರವಾಗುತ್ತದೆ. ಭಾರತೀಯ ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದು 80 ದಾಟಿದರೆ ವೈದ್ಯರಲ್ಲಿಗೆ ಹೋಗಿ ಸಕ್ಕರೆ, ರಕ್ತದೊತ್ತಡ, ಕೊಬ್ಬು ನೋಡಿಸುವುದು ಒಳ್ಳೆಯದು. ಮಕ್ಕಳಿಗೂ ಈ ರೋಗ ಬರುತ್ತದೆ. ಬಾಟಲಿ ಪಾನೀಯದ ಸಕ್ಕರೆ ಅದಕ್ಕೆ ಸಲೀಸು ದಾರಿ. 80 ಕಿಲೋ ತೂಗುವವರು ನಿಧಾನವಾಗಿ ಆರರಿಂದ ಎಂಟು ಕಿಲೋ ಇಳಿಸಿದರೆ, ಬಹಳಷ್ಟು ಮಂದಿಯಲ್ಲಿ ಲಿವರಿನ ಕೊಬ್ಬು ಕರಗುತ್ತದೆ.