ಫ್ರೀಜರಿನ ಬಂಗುಡೆಗೊಂದು ತಂಪು ಪೆಟ್ಟಿಗೆ ಬೇಕು

ಕಳಂಬೋಲಿ: ಜೂನ್ 1 ಹತ್ತಿರ ಬಂತೆಂದರೆ ಇಲ್ಲಿನ ತುಳು-ಕನ್ನಡಿಗರ ಮನೆಗಳಲ್ಲಿ ಫ್ರೀಜರ್ ತುಂಬತೊಡಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜುಲೈ 31ರ ತನಕ, ಅಂದರೆ 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ತಾಜಾ ಮೀನು ಅಪರೂಪವಾಗಿ ದರ ಏರುವುದರಿಂದ ಬಂಗುಡೆ, ಅಂಜಲ್ ಮೊದಲೇ ತಂದು, ಶುಚಿ ಮಾಡಿ, ಡಬ್ಬಿಗಳಲ್ಲಿ ತುಂಬಿಡುವುದು ವಾಡಿಕೆ. ಊರಿನಿಂದ ಬರುವವರು ಥರ್ಮೊಕೋಲ್ ಪೆಟ್ಟಿಗೆಯಲ್ಲಿ ತರುವುದೂ ಉಂಟು. ಮೀನನ್ನು ಗಟ್ಟಿ ಮಾಡಿಡುವ ಯಂತ್ರ ಮನೆಮನೆಗೂ ಬಂದಿದೆ. ಆದರೆ ಅದರ ಐಸ್ ಬಿಡಿಸುವ ಕೆಲಸ ಮಾತ್ರ ಇಂದಿಗೂ ಸಿಂಕಿನಲ್ಲೇ ನಡೆಯುತ್ತಿದೆ.

ಬೆಳಗ್ಗೆ ಏಳೂವರೆಗೆ ಮಾನಸರೋವರ ಸ್ಟೇಷನ್ನಿನಲ್ಲಿ ಲೋಕಲ್ ಹಿಡಿಯುವ ದಂಪತಿ ಮೀನಿನ ಡಬ್ಬಿಯನ್ನು ಸಿಂಕಿನಲ್ಲಿಟ್ಟು ಹೊರಡುತ್ತಾರೆ. ಮರಳುವುದು ರಾತ್ರಿ ಎಂಟಕ್ಕೆ. ನಮ್ಮ ಮನೆಯಲ್ಲೂ ವರ್ಷಗಟ್ಟಲೆ ಇದೇ ಕ್ರಮವಿತ್ತು. ಒಂದು ರಾತ್ರಿ ಬಂಗುಡೆ ಪುಳಿಮುಂಚಿ ಉಂಡ ಅರ್ಧ ಗಂಟೆಯಲ್ಲಿ ಅತ್ತಿಗೆಯ ಮುಖ ಕೆಂಪೇರಿತು. ಮೈಯೆಲ್ಲ ತುರಿಕೆ, ತಲೆನೋವು, ಎದೆಬಡಿತ. "ನಲ್ವತ್ತು ವರ್ಷ ಬಂಗುಡೆ ತಿಂದವಳು ನಾನು, ನನಗೆಂಥ ಅಲರ್ಜಿ ಮಾರಾಯ್ರೆ?" ಎಂದು ಅವರಿಗೇ ಆಶ್ಚರ್ಯ. ಡಾಕ್ಟರು ಔಷಧ ಕೊಟ್ಟು, "ಮೀನನ್ನು ಎಷ್ಟು ಹೊತ್ತು ಹೊರಗಿಟ್ಟಿದ್ದಿರಿ?" ಎಂದು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಮೀನು ಮಾರುಕಟ್ಟೆಯಲ್ಲೇ ಕೆಟ್ಟಿತ್ತೋ, ನಮ್ಮ ಸಿಂಕಿನಲ್ಲಿ ಕೆಟ್ಟಿತೋ ಹೇಳುವಂತಿಲ್ಲ. ಆದರೆ ಹನ್ನೆರಡು ಗಂಟೆ ಹೊರಗಿಟ್ಟದ್ದಂತೂ ನಾವೇ.

ಬೇಯಿಸಿದರೂ ಹೋಗದು

ಬಂಗುಡೆ, ಬೂತಾಯಿ, ಕೇದಾರ್ ಮುಂತಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಮೀನು ಬೆಚ್ಚಗಾದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಒಮ್ಮೆ ಉಂಟಾದ ಹಿಸ್ಟಮಿನ್ ಕುದಿಸಿದರೂ, ಹುರಿದರೂ, ಪುನಃ ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. "ಚೆನ್ನಾಗಿ ಬೇಯಿಸಿದರೆ ಆಯಿತು" ಎಂಬ ನಮ್ಮ ಹಿರಿಯರ ಮಾತು ಇಲ್ಲಿ ನಡೆಯದು. ಇದರ ಲಕ್ಷಣ ಅಲರ್ಜಿಯಂತೆಯೇ ಇರುವುದರಿಂದ ಎಷ್ಟೋ ಮಂದಿ ಮೀನು ತಮಗೆ ಆಗದೆಂದು ತಿನ್ನುವುದನ್ನೇ ಬಿಡುತ್ತಾರೆ.

ಆಹಾರಕ್ಕೆ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆ ಅಪಾಯದ ವಲಯ. ಅಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು, ಸುತ್ತಲಿನ ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಎಂಬುದು ನಿಯಮ. ಐಸ್ ಬಿಡುವುದು ಹೊರಗಿನಿಂದ ಒಳಕ್ಕೆ. ನೀರು ಶಾಖವನ್ನು ಸಾಗಿಸುವ ಶಕ್ತಿ ಮಂಜುಗಡ್ಡೆಯ ಸುಮಾರು ನಾಲ್ಕನೇ ಒಂದು ಪಾಲು ಮಾತ್ರ. ಹಾಗಾಗಿ ಹೊರಪದರ ಮೆತ್ತಗಾದ ಮೇಲೆ ಒಳಗಿನ ಗಟ್ಟಿ ನಿಧಾನವಾಗಿ ಕರಗುತ್ತದೆ, ಹೊರಗಿನದು ಬೆಚ್ಚಗಾಗಿ ಕಾಯುತ್ತಿರುತ್ತದೆ.

ಪುಸ್ತಕದ ತಣ್ಣೀರು, ಟಾಂಕಿಯ ನೀರು

ಐಸ್ ಬಿಡಿಸಲು ಮೂರು ಸುರಕ್ಷಿತ ಮಾರ್ಗಗಳಿವೆ: ಫ್ರಿಜ್ಜಿನ ಕೆಳಗಿನ ಅಂತಸ್ತು, ತಣ್ಣೀರು, ಮೈಕ್ರೋವೇವ್. ಫ್ರಿಜ್ಜಿಗೆ ಒಂದು ದಿನ ಬೇಕು. ಮೈಕ್ರೋವೇವಿನಲ್ಲಿ ಕರಗಿದ ನೀರು ಐಸಿಗಿಂತ ಬೇಗ ಬಿಸಿಯಾಗುವುದರಿಂದ ಅಂಚು ಬೆಂದು ನಡು ಕಲ್ಲಾಗಿ ಉಳಿಯುತ್ತದೆ, ತಕ್ಷಣ ಅಡುಗೆ ಮಾಡಲೇಬೇಕು. ತಣ್ಣೀರಿನ ಮಾರ್ಗ ವೇಗದ್ದು. ಅರ್ಧ ಕಿಲೋ ಪೊಟ್ಟಣ ಒಂದು ಗಂಟೆಯೊಳಗೆ ಸಿದ್ಧ. ಆದರೆ ಅಮೆರಿಕದ ಹೋಟೆಲು ನಿಯಮದಲ್ಲಿ ಆ ಹರಿಯುವ ನೀರು 21 ಡಿಗ್ರಿ ಮೀರಬಾರದು. ನಮ್ಮ ಕಟ್ಟಡದ ಮೇಲಿನ ಟಾಂಕಿಯ ನೀರು ಮೇ ತಿಂಗಳಲ್ಲಿ 30 ಡಿಗ್ರಿ! ನೀರನ್ನು ಹರಿಯಬಿಡೋಣವೆಂದರೆ ನಲ್ಲಿಗೆ ನೀರು ಬರುವುದೇ ಲೆಕ್ಕದ ಹೊತ್ತು.

ಅಲ್ಯೂಮಿನಿಯಂ ಹಲಗೆಗಳೂ ಮಾರಾಟಕ್ಕಿವೆ. ಅವು ಮಾಡುವುದು ಕೋಣೆಯ ಶಾಖವನ್ನು ಮೀನಿಗೆ ದಾಟಿಸುವ ಕೆಲಸ ಮಾತ್ರ. ಕೋಣೆಯೇ ಕಾದಿರುವಲ್ಲಿ, ತೆಗೆಯುವವರೂ ಇಲ್ಲದಿರುವಲ್ಲಿ ಅದರಿಂದ ಪ್ರಯೋಜನವಿಲ್ಲ.

ಜಮಾ-ಖರ್ಚಿನ ಲೆಕ್ಕ

ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ಅಣ್ಣನ ಮಗ ಊರಿನಿಂದ ಬಂದ ಥರ್ಮೊಕೋಲ್ ಪೆಟ್ಟಿಗೆಗೆ ಅಕ್ವೇರಿಯಂ ಪಂಪ್ ಕೂರಿಸಿ ಒಂದು ಪ್ರಯೋಗ ಮಾಡಿದ. "ಚಿಕ್ಕಪ್ಪ, ಎಷ್ಟು ಐಸ್ ಹಾಕಬೇಕು, ನೀವೇ ಲೆಕ್ಕ ಹಾಕಿ" ಎಂದ. ಕಾಗದದ ಮೇಲೆ ಬರೆದು ನೋಡಿದಾಗ ಸಂಗತಿ ಸ್ವಾರಸ್ಯಕರವಾಗಿತ್ತು.

ಒಂದು ಕಿಲೋ ಮಂಜುಗಡ್ಡೆ ಕರಗಲು 80 ಕಿಲೋಕ್ಯಾಲರಿ ಶಾಖ ಬೇಕು. ಮೀನಿನಲ್ಲಿ ಸುಮಾರು ಮುಕ್ಕಾಲು ಭಾಗ ನೀರು. ಆದ್ದರಿಂದ ಮೈನಸ್ 18 ಡಿಗ್ರಿಯಲ್ಲಿರುವ ಒಂದು ಕಿಲೋ ಮೀನಿನ ಐಸ್ ಬಿಡಿಸಲು 65-70 ಕಿಲೋಕ್ಯಾಲರಿ. ಇದನ್ನು ಕೊಡಬೇಕಾದದ್ದು ಸುತ್ತಲಿನ ನೀರು. ಐದು ಲೀಟರ್ ನೀರಿದ್ದರೆ ಅದು 13-14 ಡಿಗ್ರಿ ತಣ್ಣಗಾಗುತ್ತದೆ, ಅಂದರೆ 28ರಿಂದ ಸುಮಾರು 15ಕ್ಕೆ. ಹೊರಗಿನ ಸೆಕೆ ಒಳಬಾರದ ಪೆಟ್ಟಿಗೆಯಾದರೆ ಮೀನು ತನ್ನ ಸ್ನಾನದ ನೀರನ್ನು ತಾನೇ ತಂಪು ಮಾಡಿಕೊಳ್ಳುತ್ತದೆ. ಮೀನೇ ಐಸಿನ ಜಮಾ ಖಾತೆ.

ಖಾತೆ ಖಾಲಿಯಾಗುವುದು ಐಸ್ ಪೂರ್ತಿ ಬಿಟ್ಟ ಮೇಲೆ. ಅಲ್ಲಿಂದ ನೀರು ಮತ್ತೆ ಬೆಚ್ಚಗಾಗತೊಡಗುತ್ತದೆ. ನಮ್ಮ ಪೆಟ್ಟಿಗೆ ಸೋತದ್ದೂ ಅಲ್ಲೇ. ಮನೆಯಲ್ಲಿದ್ದವರು ನಿದ್ದೆ ಹೋದರೆ ಕಥೆ ಮುಗಿಯಿತು. ಐಸ್ ಬಿಡಿಸುವ ಯಂತ್ರವೆಂದರೆ ಬಿಸಿ ಮಾಡುವ ಯಂತ್ರ ಎಂದು ನಾವು ತಿಳಿದಿದ್ದೆವು. ನಮ್ಮ ಹವೆಗೆ ಬೇಕಾದದ್ದು ಕೊನೆಗೆ ತಂಪು ಕಾಯುವ ಯಂತ್ರ.

ಹೇಗಿರಬೇಕು ಪೆಟ್ಟಿಗೆ?

ಒಂದು ಬೆಡ್‌ರೂಮಿನ ಮನೆಯ ಕಟ್ಟೆಯ ಮೇಲೆ ಕೂರುವಷ್ಟೇ ಗಾತ್ರ, ಚೆನ್ನಾಗಿ ಮುಚ್ಚಿಕೊಳ್ಳುವ ದಪ್ಪ ಗೋಡೆ. ಐದಾರು ಲೀಟರ್ ನೀರನ್ನು ತಿರುಗಿಸುವ ಸಣ್ಣ ಪಂಪ್. ಹೊರಗೆ ಕಾಣುವ ಉಷ್ಣತಾಮಾಪಕ. ಐಸ್ ಬಿಟ್ಟ ಕೂಡಲೇ ನೀರನ್ನು 5 ಡಿಗ್ರಿಯ ಕೆಳಗೆ ಇಳಿಸಿ, ಮನೆಯವರು ಬರುವ ತನಕ ಅಲ್ಲೇ ನಿಲ್ಲಿಸುವ ಏರ್ಪಾಡು. ಕರೆಂಟ್ ಹೋಗಿ ನೀರು ಬೆಚ್ಚಗಾಗಿದ್ದರೆ ತಿಳಿಸುವ ಕೆಂಪು ದೀಪ. ಕೊನೆಯದಾಗಿ, ತೊಟ್ಟಿ ಪೂರ್ತಿ ಕಳಚಿ ಸಾಬೂನಿನಲ್ಲಿ ತೊಳೆಯಲು ಬರಬೇಕು.

ದೊಡ್ಡ ಹೋಟೆಲುಗಳಿಗೆ ಐಸ್ ಬಿಡಿಸುವ ಕಪಾಟುಗಳಿವೆ. ಬೇಕಿರುವುದು ಮಧ್ಯಮ ವರ್ಗದ ಕೈಗೆಟಕುವ ಮನೆಪೆಟ್ಟಿಗೆ.

ಅಲ್ಲಿಯ ತನಕ

ಮೀನು, ಕೋಳಿಯನ್ನು ಅರ್ಧ ಕಿಲೋದ ತೆಳು ಪೊಟ್ಟಣಗಳಾಗಿ ಚಪ್ಪಟೆ ಮಾಡಿ ಫ್ರೀಜರಿನಲ್ಲಿಡಿ. ಹಿಂದಿನ ರಾತ್ರಿಯೇ ಬೋಗುಣಿಯಲ್ಲಿಟ್ಟು ಫ್ರಿಜ್ಜಿನ ಕೆಳಗಿನ ಅಂತಸ್ತಿಗೆ ಇಳಿಸಿ. ಮರೆತಿದ್ದರೆ ಸಂಜೆ ಬಂದ ಮೇಲೆ ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಐಸ್ ತುಂಡು ಬೆರೆಸಿದ ನೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ, ಕೂಡಲೇ ಅಡುಗೆ ಮಾಡಿ. ತುಂಡು ಮೀನನ್ನು ಐಸ್ ಬಿಡಿಸದೆಯೇ ಕುದಿಯುವ ಸಾರಿಗೆ ಹಾಕಬಹುದು, ಸ್ವಲ್ಪ ಹೆಚ್ಚು ಹೊತ್ತು ಬೇಯಬೇಕು ಅಷ್ಟೆ. ಗಾಳಿ ತೆಗೆದು ಸೀಲ್ ಮಾಡಿದ ಅಂಗಡಿಯ ಮೀನಿನ ಪೊಟ್ಟಣವನ್ನು ಫ್ರಿಜ್ಜಿನಲ್ಲಿ ಐಸ್ ಬಿಡಿಸುವ ಮೊದಲೇ ಬಿಚ್ಚಿಡಿ.

ಪಕ್ಕದ ತಳೋಜಾ ಎಂಐಡಿಸಿಯಲ್ಲಿ ಮೀನು ಸಂಸ್ಕರಿಸುವ ಘಟಕಗಳಿವೆ. ನಮ್ಮ ಸಂಘಗಳಲ್ಲಿ ಎಂಜಿನಿಯರರಿಗೂ, ಹೋಟೆಲು ಉದ್ಯಮಿಗಳಿಗೂ ಕೊರತೆಯಿಲ್ಲ. ಯುವ ವಿಭಾಗದವರು ಮುಂದಿನ ಮಳೆಗಾಲದೊಳಗೆ ಇಂಥ ಪೆಟ್ಟಿಗೆಯೊಂದನ್ನು ಮಾಡಿ ತೋರಿಸಿದರೆ ಮಹಿಳಾ ವಿಭಾಗದವರು ಪರೀಕ್ಷಿಸಲು ಸಿದ್ಧರಿದ್ದಾರು. ನಮ್ಮ ಅತ್ತಿಗೆ ಪುನಃ ಬಂಗುಡೆ ತಿನ್ನುತ್ತಿದ್ದಾರೆ. ಆದರೆ ಬಡಿಸುವ ಮೊದಲು ಈಗಲೂ ಕೇಳುತ್ತಾರೆ: "ಇದು ಸಿಂಕಿನದ್ದಾ, ಫ್ರಿಜ್ಜಿನದ್ದಾ?"