ಮಾತೇರಾದ ಗುಹಾವಸತಿಗಳು

ಇಟಲಿಗೆ ಹೋಗಿಬರುವ ನಮ್ಮ ಯಾತ್ರಿಕರು ರೋಮಿನ ಭಗ್ನಾವಶೇಷಗಳನ್ನೂ ಫ್ಲಾರೆನ್ಸಿನ ಚಿತ್ರಶಾಲೆಗಳನ್ನೂ ವೆನಿಸ್ಸಿನ ಕಾಲುವೆಗಳನ್ನೂ ಕಂಡು ತೃಪ್ತರಾಗಿ ಹಿಂದಿರುಗುವುದು ವಾಡಿಕೆ. ಬೂಟಿನ ಆಕಾರದ ಆ ದೇಶದ ಹಿಮ್ಮಡಿಗೂ ಮುಂಗಾಲಿಗೂ ನಡುವೆ ಬಾಗಿಕೊಂಡಿರುವ ಬಸಿಲಿಕಾತಾ ಎಂಬ ಬಡ ಪ್ರಾಂತವನ್ನು ಹೊಕ್ಕು ನೋಡುವವರು ವಿರಳ. ಅಲ್ಲಿನ ಮಾತೇರಾ ನಗರವನ್ನು ಸೇರಬೇಕಾದರೆ ಪೂರ್ವದ ಕಡಲತೀರದಲ್ಲಿರುವ ಬಾರಿ ಪಟ್ಟಣದಲ್ಲಿಳಿದು, ಅಗಲ ಕಿರಿದಾದ ಹಳಿಗಳ ಮೇಲೆ ಸಾವಕಾಶವಾಗಿ ಸಾಗುವ ಪುಟ್ಟ ರೈಲನ್ನು ಹಿಡಿದು, ಆಲಿವ್ ತೋಪುಗಳನ್ನೂ ಗೋಧಿಯ ಹೊಲಗಳನ್ನೂ ದಾಟಿ ಹೋಗಬೇಕು. ನಿಲ್ದಾಣವಿರುವುದು ಹೊಸ ಊರಿನಲ್ಲಿ. ಅಂಗಡಿ, ಕಾಫಿಗೃಹ, ಮಹಡಿಮನೆಗಳ ಆ ಬೀದಿಗಳಲ್ಲಿ ನಡೆಯುವಾತನಿಗೆ ಪ್ರಾಚೀನತೆಯ ಸುಳಿವೇ ಹತ್ತದು. ವಿತ್ತೋರಿಯೊ ವೆನೆತೊ ಚೌಕದ ಅಂಚಿನ ಕಮಾನುಗಳ ಬಳಿ ನಿಂತು ಕೆಳಗೆ ಬಗ್ಗಿದಾಗ ಮಾತ್ರ, ಬೂದುಬಿಳುಪಿನ ಗೋಡೆ, ಮೆಟ್ಟಿಲು, ಕಿಂಡಿ, ಬಾಗಿಲುಗಳು ಒಂದರ ಮೇಲೊಂದು ಪೇರಿಕೊಂಡು ಗ್ರಾವಿನಾ ಎಂಬ ಆಳವಾದ ಕಮರಿಯ ಕಡೆಗೆ ಇಳಿದುಹೋಗಿರುವ ಹಳೆಯ ಊರು ಥಟ್ಟನೆ ಕಣ್ಣಿಗೆ ಬೀಳುತ್ತದೆ.

ಇದೇ ಸಾಸ್ಸಿ. ಹದಿಮೂರನೆಯ ಶತಮಾನದ ಪ್ರಧಾನ ಇಗರ್ಜಿಯನ್ನು ಶಿರದಲ್ಲಿ ಧರಿಸಿರುವ ಚಿವಿತಾ ಎಂಬ ದಿಬ್ಬದ ಎರಡು ಮಗ್ಗುಲಲ್ಲಿ ಸಾಸ್ಸೊ ಬಾರಿಸಾನೊ, ಸಾಸ್ಸೊ ಕಾವೆಯೋಸೊ ಎಂಬ ಎರಡು ಕೇರಿಗಳು ಇಳಿಜಾರಿನುದ್ದಕ್ಕೂ ಹರಡಿವೆ. ಆಸುಪಾಸಿನ ಗುಹೆಗಳಲ್ಲಿ ಹಳೆಯ ಶಿಲಾಯುಗದ ಮಾನವನ ಕುರುಹುಗಳೂ, ಕಮರಿಯ ಆಚೆದಡದ ಮುರ್ಜಾ ಪ್ರಸ್ಥಭೂಮಿಯಲ್ಲಿ ಸುತ್ತಲೂ ಕಂದಕ ತೋಡಿಕೊಂಡಿದ್ದ ನವಶಿಲಾಯುಗದ ಹಳ್ಳಿಗಳೂ ದೊರೆತಿವೆ. ವೃತ್ತಿಯಿಂದ ವೈದ್ಯನೂ ಪ್ರವೃತ್ತಿಯಿಂದ ಪುರಾತತ್ತ್ವಜ್ಞನೂ ಆಗಿದ್ದ ದೊಮೆನಿಕೊ ರಿದೋಲಾ ಎಂಬಾತನು ಸಂಗ್ರಹಿಸಿದ ವಸ್ತುಗಳು ೧೯೧೧ರಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯಕ್ಕೆ ತಳಹದಿಯಾದುವು.

ಇಲ್ಲಿನ ಕಲ್ಲು ಸುಣ್ಣಶಿಲೆಯ ಜಾತಿಗೆ ಸೇರಿದ್ದು. ಉಳಿಗೆ ಸುಲಭವಾಗಿ ಒಲಿಯುವಷ್ಟು ಮೆದು. ಗುಹೆಯನ್ನು ಒಳಕ್ಕೆ ಅಗೆದಾಗ ಹೊರಬಿದ್ದ ಕಲ್ಲಿನಿಂದಲೇ ಮುಂಭಾಗದಲ್ಲಿ ಕಮಾನು ಚಾವಣಿಯ ಕೋಣೆಯೊಂದನ್ನು ಕಟ್ಟುವುದು, ಆ ಕೋಣೆಯ ಚಾವಣಿಯೇ ಮೇಲಿನ ಸಾಲಿನವರಿಗೆ ಅಂಗಳವೋ ಬೀದಿಯೋ ಆಗುವುದು, ಹೀಗೆ ಈ ಊರು ಬೆಳೆಯಿತು. ಹಲವು ಗುಹೆಗಳ ನೆಲವನ್ನು ಒಳಮುಖವಾಗಿ ಇಳಿಜಾರಾಗಿಸಿರುವುದರಿಂದ ಚಳಿಗಾಲದ ಓರೆ ಬಿಸಿಲು ಒಳಗೋಡೆಯವರೆಗೂ ತಲುಪುವುದೂ, ಬೇಸಗೆಯ ನೆತ್ತಿಯ ಬಿಸಿಲು ಹೊಸಿಲಲ್ಲೇ ನಿಂತುಬಿಡುವುದೂ ನೋಡತಕ್ಕ ಸಂಗತಿ.

ಆದರೆ ನನ್ನ ಮಟ್ಟಿಗೆ ಈ ನಗರದ ನಿಜವಾದ ಶಿಲ್ಪವಿರುವುದು ನೀರಿನ ವ್ಯವಸ್ಥೆಯಲ್ಲಿ. ಹೊಳೆಯೆಂಬುದು ಕಮರಿಯ ತಳದಲ್ಲಿ ಹರಿಯುತ್ತದೆ. ಮಳೆಯೋ ಅಲ್ಪ, ಅದೂ ಅಕಾಲ. ಆದ್ದರಿಂದ ಚಾವಣಿಯ ಮೇಲೆ ಬಿದ್ದ ಹನಿಯನ್ನು ಮಣ್ಣಿನ ದೋಣಿಗಳಲ್ಲಿ ಹಿಡಿದು, ಬಂಡೆಯಲ್ಲಿ ಕೊರೆದ ಕಾಲುವೆಗಳ ಮೂಲಕ ನೆಲದಡಿಯ ಗಂಟೆಯಾಕಾರದ ತೊಟ್ಟಿಗಳಿಗೆ ಇಳಿಸಿ, ಮೇಲಿನ ತೊಟ್ಟಿ ತುಂಬಿ ಹೆಚ್ಚಾದುದನ್ನು ಕೆಳಗಿನದಕ್ಕೆ ಹರಿಸಿ, ಒಂದು ಬೊಗಸೆಯೂ ವ್ಯರ್ಥವಾಗಿ ಕಮರಿಗೆ ಸೇರದಂತೆ ಮಾಡಿಕೊಂಡಿದ್ದರು. ಬಂಡೆ ನೀರನ್ನು ಹೀರದಿರಲೆಂದು ಹಂಚಿನ ಚೂರುಗಳನ್ನು ಕುಟ್ಟಿ ಸುಣ್ಣದೊಡನೆ ಕಲಸಿದ ಗಾರೆಯನ್ನು ಒಳಮೈಗೆ ಬಳಿಯುತ್ತಿದ್ದರು. ಹಲವು ಮನೆಗಳು ಒಂದು ಸಮಾನ ಅಂಗಳಕ್ಕೆ ಮುಖಮಾಡಿಕೊಂಡಿರುವ ‘ವಿಚಿನಾತೊ’ ಎಂಬ ವ್ಯವಸ್ಥೆಯಲ್ಲಿ ಅಂಥ ತೊಟ್ಟಿಯ ಬಾಯಿ ಎಲ್ಲರಿಗೂ ಸೇರಿದ್ದು; ಅದರ ಸುತ್ತಲೇ ಒಗೆತ, ಹರಟೆ, ಜಗಳ, ಶಿಶುಪಾಲನೆ ಎಲ್ಲವೂ ನಡೆಯುತ್ತಿದ್ದುವು. ಮೇಲಿನ ಚೌಕದ ಅಡಿಯಲ್ಲಿರುವ ಪಲೊಂಬಾರೊ ಲುಂಗೊ ಎಂಬ ಮಹಾತೊಟ್ಟಿಯು ಸುಮಾರು ಐವತ್ತು ಲಕ್ಷ ಲೀಟರು ನೀರನ್ನು ಧರಿಸಬಲ್ಲುದು. ನಲ್ಲಿಯ ನೀರು ಬಂದ ತರುವಾಯ ಜನ ಅದನ್ನು ಮರೆತೇಬಿಟ್ಟಿದ್ದರು. ೧೯೯೧ರಲ್ಲಿ ಪುನಃ ಬೆಳಕಿಗೆ ಬಂದಿತು. ಈಗ ಅದರೊಳಗೆ ಹಲಗೆಯ ಹಾದಿಯ ಮೇಲೆ ನಡೆದಾಡಬಹುದು. ಮಾತೇರಾದಲ್ಲಿ ಒಂದೇ ಒಂದನ್ನು ನೋಡಲು ಸಮಯವಿದೆ ಎನ್ನುವವರಿಗೆ ನಾನು ಇಗರ್ಜಿಯನ್ನು ಬಿಟ್ಟು ಈ ತೊಟ್ಟಿಯನ್ನೇ ತೋರಿಸುವೆನು.

ನೀರಿನಂತೆಯೇ ಒಲೆಯೂ ಸಾರ್ವಜನಿಕ. ಮನೆಯಲ್ಲಿ ನಾದಿದ ರೊಟ್ಟಿಯ ಹಿಟ್ಟನ್ನು ಕೇರಿಯ ಭಟ್ಟಿಗೆ ಕೊಟ್ಟು ಸುಡಿಸಬೇಕಾಗಿದ್ದುದರಿಂದ, ಒಬ್ಬರದು ಮತ್ತೊಬ್ಬರ ಪಾಲಾಗದಿರಲೆಂದು ಪ್ರತಿಯೊಂದು ಕುಟುಂಬವೂ ತನ್ನ ಹೆಸರಿನ ಮೊದಲಕ್ಷರಗಳುಳ್ಳ ಮರದ ಅಚ್ಚನ್ನು ಹಿಟ್ಟಿನ ಮೇಲೆ ಒತ್ತುತ್ತಿದ್ದಿತು. ಕುರಿಗಾಹಿಗಳು ಬಿಡುವಿನ ವೇಳೆಯಲ್ಲಿ ಕೆತ್ತುತ್ತಿದ್ದ ಆ ಅಚ್ಚುಗಳಿಗೆ ಹಿಡಿಯ ಸ್ಥಾನದಲ್ಲಿ ಹುಂಜವೋ ಮನುಷ್ಯಾಕೃತಿಯೋ ಇರುವುದುಂಟು. ಈಗ ಪ್ರವಾಸಿಗರು ಅವನ್ನು ಸ್ಮಾರಕವಾಗಿ ಕೊಳ್ಳುತ್ತಾರೆ. ಗಟ್ಟಿ ಗೋಧಿಯ ರವೆಯಿಂದಾದ ಈ ರೊಟ್ಟಿ ಗಡುಸಾದ ಹೊರಪದರದ ಬಲದಿಂದ ದಿನಗಟ್ಟಲೆ ಕೆಡದೆ ನಿಲ್ಲುವುದು. ೨೦೦೮ರಲ್ಲಿ ಅದಕ್ಕೆ ಯೂರೋಪಿನ ಭೌಗೋಳಿಕ ಮನ್ನಣೆಯೂ ದೊರೆಯಿತು.

ಬಂಡೆಯಲ್ಲಿ ಕೊರೆದ ಇಗರ್ಜಿಗಳು ಊರಲ್ಲೂ ಆಚೆದಡದಲ್ಲೂ ಸೇರಿ ನೂರೈವತ್ತಕ್ಕೂ ಮಿಗಿಲು. ಸಾಂತಾ ಲುಚೀಯಾ ಅಲ್ಲೆ ಮಾಲ್ವೆಯಲ್ಲಿ ಶಿಶುವಿಗೆ ಹಾಲೂಡುತ್ತಿರುವ ಮೇರಿಯ ಭಿತ್ತಿಚಿತ್ರವನ್ನು ತಪ್ಪದೆ ನೋಡಬೇಕು. ಬೆನೆಡಿಕ್ಟೀನ ಸನ್ಯಾಸಿನಿಯರು ಅಲ್ಲಿಂದ ತೆರಳಿದ ಮೇಲೆ ಆ ದೇವಾಲಯದ ಒಂದು ಭಾಗದಲ್ಲಿ ಪೂಜೆಯೂ ಮಿಕ್ಕ ಭಾಗಗಳಲ್ಲಿ ಸಂಸಾರವೂ ನಡೆದುವೆಂಬುದು ಈ ಊರಿನ ಸ್ವಭಾವಕ್ಕೆ ಸರಿಯಾಗಿಯೇ ಇದೆ.

ಇಷ್ಟು ಜಾಣತನದಿಂದ ಕಟ್ಟಿದ ಊರು ರಾಷ್ಟ್ರದ ನಾಚಿಕೆಗೇಡೆಂದು ಕರೆಯಿಸಿಕೊಂಡುದಾದರೂ ಹೇಗೆ? ಜನಸಂಖ್ಯೆ ಏರಿ, ಪಶುಪಾಲನೆ ಕುಸಿದು, ವಾಸಕ್ಕೆ ಎಡೆಸಾಲದೆ ಒಣತೊಟ್ಟಿಗಳನ್ನೂ ದಾಸ್ತಾನಿನ ಗುಹೆಗಳನ್ನೂ ಮನೆಗಳನ್ನಾಗಿಸಿದಾಗ, ಗಾಳಿಬೆಳಕಿಲ್ಲದ ಒಂದೇ ಕೋಣೆಯಲ್ಲಿ ತಂದೆತಾಯಿ, ಮಕ್ಕಳು, ಹೇಸರಗತ್ತೆ, ಹಂದಿ, ಕೋಳಿಗಳು ಒಟ್ಟಿಗೆ ರಾತ್ರಿ ಕಳೆಯುವಂತಾಯಿತು. ಫ್ಯಾಸಿಸ್ಟ್ ಸರಕಾರದಿಂದ ಆ ಸೀಮೆಗೆ ಗಡೀಪಾರಾಗಿದ್ದ ಚಿತ್ರಕಾರ ಕಾರ್ಲೊ ಲೇವಿಯು ೧೯೪೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವೈದ್ಯೆಯಾದ ತನ್ನ ಸೋದರಿಯು ಇಲ್ಲಿ ಕಂಡ ಮಲೇರಿಯಾ ಪೀಡಿತ, ಕಣ್ಣುರೋಗದ ಮಕ್ಕಳನ್ನು ವರ್ಣಿಸಿದಾಗ ಇಡೀ ಇಟಲಿ ಬೆಚ್ಚಿತು. ೧೯೫೦ರಲ್ಲಿ ಪ್ರಧಾನಿ ಆಲ್ಚೀದೆ ದೆ ಗಾಸ್ಪೆರಿ ಖುದ್ದಾಗಿ ಬಂದು ನೋಡಿದನು, ೧೯೫೨ರಲ್ಲಿ ಶಾಸನವಾಯಿತು, ಹದಿನೈದು ಸಾವಿರದಷ್ಟು ಜನರನ್ನು ಹಂತಹಂತವಾಗಿ ಹೊಸ ಬಡಾವಣೆಗಳಿಗೆ ಸಾಗಿಸಿ, ಬರಿದಾದ ಗುಹೆಗಳನ್ನು ಮುಚ್ಚಿದರು. ವಿಚಿನಾತೊವಿನ ನೆನಪಿನಲ್ಲಿ ಮನೆಗಳನ್ನು ಗುಂಪುಗೂಡಿಸಿ ನಿರ್ಮಿಸಿದ ಲಾ ಮಾರ್ತೆಲ್ಲಾ ಗ್ರಾಮವು ಆ ಕಾಲದ ಶ್ರೇಷ್ಠ ವಾಸ್ತುಶಿಲ್ಪಿಗಳ ಸದುದ್ದೇಶದ ಫಲವಾದರೂ, ಶತಮಾನಗಳ ನೆರೆಹೊರೆಯನ್ನು ನಕ್ಷೆಯಿಂದ ಹುಟ್ಟಿಸಲಾಗಲಿಲ್ಲ.

ಮೂರು ದಶಕಗಳ ಕಾಲ ಸಾಸ್ಸಿ ಪಾಳುಬಿದ್ದಿತು. ೧೯೬೪ರಲ್ಲಿ ತೆರೆಕಂಡ ತನ್ನ ಯೇಸುಚರಿತ್ರೆಯ ಚಲನಚಿತ್ರಕ್ಕೆ ನಿರ್ದೇಶಕ ಪಜೊಲಿನಿಯು ಜೆರೂಸಲೇಮನ್ನು ಇಲ್ಲಿಯೇ ಕಂಡುಕೊಂಡನು. ೧೯೮೬ರ ಶಾಸನವು ಜೀರ್ಣೋದ್ಧಾರಕ್ಕೆ ಧನವನ್ನೊದಗಿಸಿತು, ೧೯೯೩ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು, ೨೦೧೯ರಲ್ಲಿ ಊರು ಯೂರೋಪಿನ ಸಾಂಸ್ಕೃತಿಕ ರಾಜಧಾನಿಯೆನಿಸಿತು. ಇಂದು ಅಜ್ಜಂದಿರು ಹೇಸರಗತ್ತೆ ಕಟ್ಟುತ್ತಿದ್ದ ಮೂಲೆಯಲ್ಲಿ ಹೋಟೆಲಿನವರು ಬಿಸಿನೀರಿನ ಸ್ನಾನದ ತೊಟ್ಟಿಯಿಟ್ಟು ದುಬಾರಿ ಬಾಡಿಗೆ ಪಡೆಯುತ್ತಾರೆ. ಇದರಲ್ಲಿ ತಪ್ಪು ಹುಡುಕಲಾರೆ. ಪಾಳುಬೀಳುವುದಕ್ಕಿಂತ ಇದು ಲೇಸು. ಆದರೆ ಅಂಥ ಕೊಠಡಿಯಲ್ಲಿ ಮಲಗುವ ಮುನ್ನ ಸೊಲಿತಾರಿಯೊ ಓಣಿಯಲ್ಲಿ ಹಿಂದಿನ ಸಾಮಾನುಗಳೊಡನೆ ಉಳಿಸಿರುವ ಗುಹಾಗೃಹವನ್ನು ಹೊಕ್ಕು, ಕೋಳಿಗಳಿಗೆ ಎಡೆಯಿರಲೆಂದು ಎತ್ತರಿಸಿದ ಮಂಚವನ್ನು ನೋಡಿಬರುವುದು ಯುಕ್ತ.

ಊರು ಊರಿನವರದೇ ಆಗಿರುವ ದಿನವನ್ನು ಕಾಣಬಯಸುವವರು ಜುಲೈ ೨ಕ್ಕೆ ಹೋಗಬೇಕು. ೧೩೮೯ರಿಂದ ನಡೆದುಬಂದಿರುವ ಮದೊನ್ನಾ ದೆಲ್ಲಾ ಬ್ರುನಾ ಎಂಬ ಮೇರಿಮಾತೆಯ ಉತ್ಸವದಂದು ನಸುಕಿನಲ್ಲೇ ಕುರಿಗಾಹಿಗಳ ಮೆರವಣಿಗೆ ಹೊರಡುತ್ತದೆ. ಸಂಜೆ, ತಿಂಗಳುಗಟ್ಟಲೆ ಶ್ರಮದಿಂದ ಕಾಗದದ ತಿರುಳಿನಲ್ಲಿ ರೂಪಿಸಿದ ಮಹಾರಥವೊಂದು, ನಮ್ಮ ಜಾತ್ರೆಯ ತೇರಿನಂತೆ ಬೀದಿ ತುಂಬಿ, ಹೇಸರಗತ್ತೆಗಳಿಂದ ಎಳೆಯಲ್ಪಟ್ಟು, ಕುದುರೆ ಸವಾರರ ಕಾವಲಿನಲ್ಲಿ ಸಾಗುತ್ತದೆ. ದೇವಿಯ ವಿಗ್ರಹ ಇಗರ್ಜಿಯನ್ನು ಸೇರಿದ ಬಳಿಕ ಮೇಲಿನ ಚೌಕದಲ್ಲಿ ಕಾದುನಿಂತ ಜನಸ್ತೋಮವು ರಥದ ಮೇಲೆ ಮುಗಿಬಿದ್ದು, ದೇವದೂತನ ಕೈಯೋ ಸಂತನ ತಲೆಯೋ ಸಿಕ್ಕಿದ್ದನ್ನು ಕಿತ್ತುಕೊಂಡು ವರ್ಷದ ಶುಭಕ್ಕೆಂದು ಮನೆಗೊಯ್ಯುತ್ತದೆ. ಆ ನೂಕುನುಗ್ಗಲಿಗೆ ಹೊರಗಿನವರು ಇಳಿಯದಿರುವುದೇ ಕ್ಷೇಮ. ವಸತಿಯನ್ನಂತೂ ಬಹಳ ಮುಂಚಿತವಾಗಿ ಗೊತ್ತುಮಾಡಿಕೊಳ್ಳತಕ್ಕದ್ದು.